ಗುಡ್ಡ ಹತ್ತದೆ ಚಂಬಾಕ್ಕೆ ಹೋದದ್ದು

ನನ್ನ ಹೆಂಡತಿ ವತ್ಸಲಾ ತೀರಿಕೊಂಡು ಆರನೆಯ ಮಾಸಿಕ ಮುಗಿದ ವಾರದಲ್ಲಿ ಆಕೆಯ ಅಕ್ಕ ಗಂಗೂಬಾಯಿ ಹಿಮಾಯತ್‌ನಗರದಿಂದ ಆಟೋ ಮಾಡಿಕೊಂಡು ಮಲ್ಕಾಜ್‌ಗಿರಿಯ ನಮ್ಮ ಮನೆಗೆ ಬಂದರು. ಚಪ್ಪಲಿ ಬಿಡುವುದಕ್ಕೂ ಮೊದಲೇ ಕೇಳಿದರು:

"ವಿಠಲರಾವ್, ಚಂಬಾಕ್ಕ ಹೋಗೋದು ಯಾವಾಗ?"

ನಾನಾಗ ಅನ್ನ ಸೀಯಿಸುವ ಕೆಲಸದಲ್ಲಿದ್ದೆ. ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರನಾಗಿ ನಿವೃತ್ತನಾದವನು ನಾನು. ಸಿಗ್ನಲ್ ಬಿದ್ದದ್ದು ನನಗೆ ಮೈಲಿ ದೂರದಿಂದ ಕಾಣುತ್ತಿತ್ತು. ಒಲೆಯ ಮೇಲಿನ ಪಾತ್ರೆಯಲ್ಲಿ ನೀರು ಬತ್ತಿದ್ದು ಪಕ್ಕದಲ್ಲೇ ನಿಂತರೂ ಕಾಣುವುದಿಲ್ಲ. ಸೀದ ಅನ್ನವನ್ನೇ ನೈವೇದ್ಯ ಮಾಡುತ್ತೇನೆ. ದೇವರು ಭಕ್ತಿಯನ್ನು ಮಾತ್ರ ಸ್ವೀಕರಿಸುತ್ತಾನೆಂದು ಹಿರಿಯರು ಹೇಳಿದ್ದಾರೆ. ಉಳಿದದ್ದನ್ನು ನಾನು ಸ್ವೀಕರಿಸಬೇಕಾಗುತ್ತದೆ. ನೈವೇದ್ಯವಾದ ಮೇಲೆ "ಆತು, ಎಲಿ ಹಾಕು" ಎಂದು ಅಡುಗೆಮನೆಯ ಕಡೆಗೆ ಕೂಗುವ ರೂಢಿ ಇನ್ನೂ ಬಿಟ್ಟಿಲ್ಲ. ಕೂಗಿದ ಮೇಲೆ ನಾನೇ ಎದ್ದು ಹೋಗಿ ಎಲೆ ಹಾಕುತ್ತೇನೆ. ಹೀಗೆ ನನ್ನ ಮಾತನ್ನು ತಪ್ಪದೆ ಕೇಳುವವನು ಮನೆಯಲ್ಲಿ ಒಬ್ಬನಾದರೂ ಇದ್ದಾನೆ.

ಚಂಬಾ ಎಂದರೆ ಹಿಮಾಚಲದ ಗುಡ್ಡಗಳ ನಡುವಿನ ಕಣಿವೆಯಲ್ಲಿ, ರಾವಿ ನದಿಯ ದಂಡೆಗಿರುವ ಒಂದು ಸಣ್ಣ ಪಟ್ಟಣ. ಧಾರವಾಡದಲ್ಲಿ ಹುಟ್ಟಿ ಹೈದರಾಬಾದಿಗೆ ಸೊಸೆಯಂದಿರಾಗಿ ಬಂದ ಈ ಅಕ್ಕತಂಗಿಯರಿಗೆ ಆ ಊರಿನ ಹುಚ್ಚು ಹಿಡಿದದ್ದು ಶಿಲ್ಪಾರಾಮದ ಕರಕುಶಲ ಮೇಳದಲ್ಲಿ. ಇಬ್ಬರೂ ಕಸೂತಿ ಹಾಕುವವರು. ಗಂಟು ಕಾಣದಂತೆ, ಬಟ್ಟೆಯ ಎರಡೂ ಮಗ್ಗುಲಿಗೆ ಒಂದೇ ಚಿತ್ರ ಬರುವಂತೆ ಹೊಲಿಯುವುದು ಧಾರವಾಡದವರನ್ನು ಬಿಟ್ಟರೆ ಜಗತ್ತಿನಲ್ಲಿ ಯಾರಿಗೂ ಬಾರದು ಎಂದು ನಂಬಿದವರು. ಆ ಮೇಳದಲ್ಲಿ ಚಂಬಾದ ಹೆಂಗಸೊಬ್ಬಳು ಒಂದು ರುಮಾಲನ್ನು ತಿರುವಿ ತೋರಿಸಿದಳು. ಈ ಕಡೆಗೂ ಕೃಷ್ಣ, ಆ ಕಡೆಗೂ ಅದೇ ಕೃಷ್ಣ. ಅಕ್ಕತಂಗಿಯರು ಮನೆಗೆ ಬಂದು ಸಿಟ್ಟಿನಿಂದ ಊಟ ಬಿಟ್ಟರು. ಆಮೇಲೆ ಆ ಊರಿಗೇ ಹೋಗಿ ನೋಡಿ ಬರಬೇಕೆಂದು ನಿಶ್ಚಯಿಸಿದರು. ಹೋಗುವ ಮಾತು ನಡೆದಿದ್ದಾಗಲೇ ಭಾದ್ರಪದದಲ್ಲಿ ವತ್ಸಲಾ ಜ್ವರ ಬಂದು ಮಲಗಿದಳು, ಮತ್ತೆ ಏಳಲಿಲ್ಲ.

"ವರ್ಷ ತುಂಬಲಿ, ಅಕ್ಕಾ," ಎಂದೆ. "ವರ್ಷಾಂತಿಕ ಆಗೋತನಕ ನಾ ಗುಡ್ಡ ಹತ್ತಬಾರದು. ನಿಮಗ ಗೊತ್ತದಲ್ಲ."

"ಗುಡ್ಡ ಹತ್ತರಿ ಅಂತ ಯಾರಂದ್ರು? ಆ ಊರು ಗುಡ್ಡದ ಬುಡಕ್ಕ, ತಗ್ಗಿನ್ಯಾಗ ಅದ."

"ತಗ್ಗಿಗೆ ಹೋಗಬೇಕಾದ್ರ ಗುಡ್ಡ ದಾಟೇ ಹೋಗಬೇಕಲ್ಲ?"

"ನೀವಿರೋದೇ ಮಲ್ಕಾಜ್‌ಗಿರಿಯೊಳಗ. ಆಕಿ ಹೋದಾಗಿನಿಂದ ಗಿರಿ ಮ್ಯಾಲೇ ಕೂತೀರಿ. ಆ ಪಾಪ ಯಾವ ಲೆಕ್ಕಕ್ಕ?"

ನಾನು ನಗಲಿಲ್ಲ. ಶಾಸ್ತ್ರದ ಮಾತು ಬಂದಾಗ ನಗಬಾರದೆಂದು ನನ್ನದೇ ಒಂದು ನಿಯಮವಿದೆ. ಗಂಗಕ್ಕ ಕುರ್ಚಿಯನ್ನು ತಡವಿ ನೋಡಿ ಕೂತರು. ಹಾಗೆ ತಡವಿದ್ದನ್ನು ನಾನು ಅಂದೇ ಮೊದಲು ಗಮನಿಸಿದ್ದು.

"ಕಣ್ಣಿನ ಡಾಕ್ಟರು ಏನಂದ್ರು ಹೇಳ್ಲೇನು? ಸುತ್ತಲಿಂದ ಕತ್ತಲಿ ಒಳಗ ಬರ್ಲಿಕ್ಹತ್ತದ. ಕೊಳವಿಯೊಳಗಿಂದ ನೋಡಿಧಂಗ ನಡುವಿಂದಷ್ಟ ಕಾಣತದ. ಔಷಧ ಹಾಕಿದ್ರ ನಿಧಾನ ಆದೀತು, ನಿಂದ್ರೂದಿಲ್ಲ ಅಂದ್ರು. ನೀವು ವರ್ಷ ತುಂಬಿಸಿಕೊಂಡೇ ಬರ್ರಿ. ಆಮ್ಯಾಲ ನನ್ನ ಕೈ ಹಿಡಕೊಂಡು 'ಇಲ್ಲೆ ಗುಡ್ಡ ಅದ, ಇಲ್ಲೆ ಹೊಳಿ ಅದ' ಅಂತ ಹೇಳಿಕೋತ ಹೋಗ್ರಿ. ನಾ ಹೂಂ ಅಂತೀನಿ."

ಅವರ ಮಗ ಸೂರ್ಯಕಾಂತನಿಗೆ ಹಿಮಾಯತ್‌ನಗರದಲ್ಲಿ ಬಟ್ಟೆಯ ಅಂಗಡಿ. ಲಗ್ನಸರಾಯಿಯಲ್ಲಿ ಅಂಗಡಿ ಬಿಡಲಾರ, ತಾಯಿಯನ್ನು ಒಬ್ಬಳನ್ನೇ ಕಳಿಸಲಾರ. "ವಿಠಲ ಕಾಕಾ ಬಂದ್ರ ಹೋಗವಾ" ಎಂದು ಹೇಳಿ ಕೈ ತೊಳೆದುಕೊಂಡಿದ್ದ. ಹೀಗೆ ಒಬ್ಬ ಮುದುಕಿ ಏನು ನೋಡಬೇಕು, ಏನು ನೋಡಬಾರದು ಎಂಬುದು ರೈಲ್ವೆಯ ಪಿಂಚಣಿದಾರನೊಬ್ಬನ ಪಾಪಪುಣ್ಯದ ಮೇಲೆ ನಿಂತಿತು.

ನಿಯಮವಂತೂ ಸುಳ್ಳಲ್ಲ. ನಮ್ಮಲ್ಲೂ ಇದೆ, ಇಲ್ಲಿನ ತೆಲುಗರಲ್ಲಂತೂ ಗಟ್ಟಿಯಾಗಿದೆ. ಆದರೆ ನಾನು ಅದನ್ನು ಹಿಡಿದುಕೊಂಡದ್ದು ಮುಳುಗುವವನು ಹಲಗೆ ಹಿಡಿದಂತೆ. ರೈಲಿನಲ್ಲಿ ಕಿಟಕಿಯ ಬಳಿ ವತ್ಸಲಾ ಕೂತು, ಬರುವ ಊರಿನ ಹೆಸರನ್ನೆಲ್ಲ ಗಟ್ಟಿಯಾಗಿ ಓದಿ, "ಇದರ ಮಾಸ್ತರ್ ನಿಮಗ ಪರಿಚಯ ಏನ್ರೀ?" ಎಂದು ಕೇಳುತ್ತಿದ್ದಳು. ಆ ಸೀಟಿನಲ್ಲಿ ಬೇರೆಯವರನ್ನು ನೋಡುತ್ತ ಎರಡು ದಿನ ಪ್ರಯಾಣ ಮಾಡುವುದು ನನ್ನಿಂದ ಆಗದು. ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ನಿಯಮ ಹೇಳಲು ನಾಚಿಕೆಯಿಲ್ಲ. ಅದನ್ನು ಗಟ್ಟಿಯಾಗಿ ಹೇಳಬಹುದು, ಸಂಸ್ಕೃತದಲ್ಲಾದರೆ ಇನ್ನೂ ಗಟ್ಟಿಯಾಗಿ.

ಸಂಜೆ ಮಲ್ಕಾಜ್‌ಗಿರಿ ಸ್ಟೇಷನ್ನಿನ ಕೊನೆಯ ಬೆಂಚಿನಲ್ಲಿ ನಮ್ಮಂಥ ನಿವೃತ್ತರು ಸೇರುತ್ತೇವೆ. ತಡವಾಗಿ ಬರುವ ಗಾಡಿಗಳಿಗಾಗಿ ಈಗಿನವರನ್ನು ಬೈಯುವುದು ನಮ್ಮ ಕಾರ್ಯಕ್ರಮ. ಅಂದು ಇದ್ದವನು ಅಮರೇಶಪ್ಪನೊಬ್ಬನೇ. ರಾಯಚೂರು ಕಡೆಯವನು, ಗಾರ್ಡ್ ಆಗಿದ್ದವನು, ಎದೆಯ ಮೇಲೆ ಲಿಂಗ ಕಟ್ಟಿದವನು. ನನ್ನ ಸಂಕಟ ಕೇಳಿ ಅವನಿಗೆ ನಿಜವಾಗಿಯೂ ಕನಿಕರವಾಯಿತು.

"ರಾಯರ, ನಮ್ಮಾಗ ಸತ್ತವರು ಶಿವನ ಹಂತ್ಯಾಕ ಹೋದ್ರು ಅಂತೀವಿ, ಮುಗೀತು. ಸೂತಕ ಗೀತಕ ಏನೂ ಇಲ್ಲ. ನಿಮ್ಮ ದೇವ್ರ ರೂಲ್ ಬುಕ್ಕು ನಮ್ಮ ರೈಲ್ವೆದಕ್ಕಿಂತ ದೊಡ್ಡದೈತಿ ನೋಡ್ರಿ."

"ಅದಿರಲಿ. ಆ ಊರು ಗುಡ್ಡ ಹೌದೋ ಅಲ್ಲೋ, ಅಷ್ಟು ಹೇಳು."

ಅಮರೇಶಪ್ಪ ಪ್ಲಾಟ್‌ಫಾರ್ಮಿನ ತುದಿಯಲ್ಲಿರುವ ಹಳದಿ ಬೋರ್ಡಿನ ಕಡೆ ಕೈ ತೋರಿಸಿದ. ಊರಿನ ಹೆಸರಿನ ಕೆಳಗೆ, ಸಮುದ್ರದಿಂದ ಆ ಸ್ಟೇಷನ್ ಎಷ್ಟು ಎತ್ತರದಲ್ಲಿದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಸಾಮಾನ್ಯ ಜನ ಅದನ್ನು ಓದುವುದಿಲ್ಲ. ನಮಗೆ ಅದು ವೇದ.

"ನೀವು ರೈಲು ಇಳಿಯಾದು ಪಠಾಣಕೋಟದಾಗ. ಅಲ್ಲಿ ಬೋರ್ಡ್ ನಾ ನೋಡೀನಿ. ನಮಗಿಂತ ತೆಳಗೈತಿ. ಅಂದ್ರ ನೀವು ಇಲ್ಲಿಂದ ಇಳಕೋತ ಹೋಗಾಕತ್ತೀರಿ."

"ಮತ್ತ ಚಂಬಾ?"

"ಚಂಬಾಕ ಸ್ಟೇಷನ್ ಐತೇನು?"

"ಇಲ್ಲ."

"ಸ್ಟೇಷನ್ ಇಲ್ಲಂದ್ರ ಬೋರ್ಡಿಲ್ಲ. ಬೋರ್ಡಿಲ್ಲದ ಊರಿಗೆ ಎತ್ತರ ಎಲ್ಲಿಂದ ಬರತೈತ್ರಿ?"

ಈ ಮಾತು ನನಗೆ ಬಹಳ ಸಮಂಜಸವಾಗಿ ಕಂಡಿತೆಂದು ಹೇಳಿಕೊಳ್ಳಬೇಕಾಗಿದೆ. ಮನೆಗೆ ಬರುವ ದಾರಿಯಲ್ಲೆಲ್ಲ ಅದರಲ್ಲಿ ದೋಷ ಹುಡುಕಿದೆ, ಸಿಗಲಿಲ್ಲ. ಆಯುಷ್ಯವೆಲ್ಲ ಹಸಿರು ಬಾವುಟ ಬೀಸಿದವರಿಗೆ ಬೋರ್ಡಿನಲ್ಲಿ ಬರೆಯದ ಗುಡ್ಡ ಗುಡ್ಡವೇ ಅಲ್ಲ. ನನಗೆ ಬೇಕಾದದ್ದು 'ಹೋಗಬೇಡಿ' ಎನ್ನುವವರು, ಸಿಕ್ಕದ್ದು ಅಮರೇಶಪ್ಪ. ಅದಕ್ಕೆಂದೇ ಮರುದಿನ ಮಾಸಿಕ ಮಾಡಿಸುವ ಸೂರ್ಯನಾರಾಯಣ ಶಾಸ್ತ್ರಿಗಳ ಬಳಿ ಹೋದೆ. ಅವರು ಕಟ್ಟುನಿಟ್ಟಿನವರು, ದರ್ಭೆ ಒಂದು ಎಳೆ ಕಡಿಮೆಯಾದರೂ ಪಿಂಡ ಮುಟ್ಟುವುದಿಲ್ಲ. ಅವರ ಕನ್ನಡ ಅರ್ಧ ತೆಲುಗು.

"ಏಮಂಡಿ ವಿಠಲರಾವ್ ಗಾರು, ಏಡಾದಿ ತುಂಬುವವರೆಗೆ ಕೊಂಡದ ಮೇಲಿನ ದೇವರ ದರ್ಶನ ಮಾಡಬಾರದು. ಅಷ್ಟೇ. ಬಸ್ಸು ಕೊಂಡ ಹತ್ತಿದರೆ ಆ ದೋಷಂ ಬಸ್ಸಿಗೆ. ನೀವು ಸೀಟಿನಲ್ಲಿ ಕೂತಿರುತ್ತೀರಿ."

"ಆದರೆ ಶಾಸ್ತ್ರಿಗಳೇ, ಆ ಊರಿನೊಳಗ ಗುಡಿಗಳೇ ಭಾಳ ಅವ," ಎಂದೆ ಆಸೆಯಿಂದ.

"ಗುಡಿ ಒಳಗೆ ಹೋಗಬೇಡಿ. ಆ ಅಮ್ಮಗಾರನ್ನು ಕಳಿಸಿ. ಮದುವೆಯಾಗಿ ಹೋದ ಅಕ್ಕನಿಗೆ ಮೂರು ದಿನದ ಮೈಲಿಗೆ, ಎಂದೋ ಮುಗಿದಿದೆ. ನೀವು ಹೊರಗೆ ಕೂತ್ಕೊಳ್ಳಿ."

"ಹೊರಗ ಕೂತು ಏನು ಮಾಡ್ಲಿ?"

ಶಾಸ್ತ್ರಿಗಳು ಪಂಚಾಂಗದ ಹಾಳೆ ತಿರುವಿದರು. "ಅದು ಶಾಸ್ತ್ರದಲ್ಲಿಲ್ಲ," ಎಂದರು. "ಏಳನೆಯ ಮಾಸಿಕ ಮುಗಿಸಿ ಹೊರಡಿ. ಎಂಟನೆಯದರೊಳಗೆ ಬನ್ನಿ."

ಹೋಗದೆ ಇರಲು ಇದ್ದ ಬಾಗಿಲುಗಳೆಲ್ಲ ಹೀಗೆ ಮುಚ್ಚಿದವು. ಚೈತ್ರದಲ್ಲಿ ಸಿಕಂದರಾಬಾದಿನಿಂದ ಹೊರಟೆವು. ಕಿಟಕಿಯ ಬಳಿ ಗಂಗಕ್ಕ ಕೂತರು. ಅವರಿಗೆ ಬೋರ್ಡು ಓದಲಾಗದ್ದರಿಂದ ಊರುಗಳ ಹೆಸರನ್ನು ನಾನೇ ಓದಿ ಹೇಳುತ್ತ ಹೋದೆ. ಬಾಯಿಗೆ ಬಿಡುವಿಲ್ಲದಿದ್ದರೆ ಮನಸ್ಸಿಗೂ ತುಸು ಬಿಡುವು ಕಡಿಮೆ. ಪಠಾಣಕೋಟದಲ್ಲಿ ಇಳಿದ ಕೂಡಲೇ ಬೋರ್ಡು ನೋಡಿ, ನಾವು ಮಲ್ಕಾಜ್‌ಗಿರಿಗಿಂತ ಕೆಳಗೆ ಬಂದಿದ್ದೇವೆಂದು ಹೆಮ್ಮೆಯಿಂದ ತಿಳಿಸಿದೆ.

"ಪಾತಾಳಕ್ಕ ಬಂದ್ವಿ ಅನ್ರಿ," ಎಂದರು ಗಂಗಕ್ಕ. "ಹಂಗಾದ್ರ ಇನ್ನ ಎಷ್ಟು ಏರಿದ್ರೂ ನಮ್ಮ ಮನೀ ಎತ್ತರಕ್ಕ ಬಂಧಂಗ. ಹತ್ರಿ ಬಸ್ಸು."

ಬಸ್ಸು ಹತ್ತಿದ್ದೇ ತಪ್ಪಾಯಿತು. ಅದು ಗುಡ್ಡಕ್ಕೆ ಸುತ್ತು ಹಾಕುತ್ತ ಏರಿತು, ಏರಿದಷ್ಟೂ ತಿರುಗಿತು. ಆಯುಷ್ಯವೆಲ್ಲ ಗಾಡಿಗಳನ್ನು ದಾಟಿಸಿ ಕಳಿಸಿದವನು ನಾನು, ಮೂರನೆಯ ತಿರುವಿಗೆ ಕಿಟಕಿಯ ಹೊರಗೆ ತಲೆ ಹಾಕಿದೆ. ಗಂಗಕ್ಕ ನನ್ನ ಮೂಗಿಗೆ ಲಿಂಬೆಹಣ್ಣು ಹಿಡಿದು, "ದೋಷ ಬಸ್ಸಿಗೆ ಅಂದ್ರಲ್ಲ ಶಾಸ್ತ್ರಿಗಳು, ನಿಮಗ್ಯಾಕ ಬಂತು?" ಎಂದರು. ಬಹಳ ಹೊತ್ತು ಏರಿದ ಮೇಲೆ ದಾರಿ ಇಳಿಯತೊಡಗಿತು. ನದಿ ಕಂಡಿತು. ನದಿಯ ದಂಡೆಯ ಮೇಲೆ ಒಂದಕ್ಕೊಂದು ಆತುಕೊಂಡ ಮನೆಗಳು, ನಡುವೆ ಒಂದು ಹಸಿರು ಬಯಲು. ಗಂಗಕ್ಕ ತಲೆಯನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸುತ್ತ, ತುಂಡು ತುಂಡಾಗಿ ಊರನ್ನು ಒಟ್ಟುಗೂಡಿಸಿಕೊಂಡರು.

ಗುಡಿಯೊಳಗೆ ಹೋಗುವ ಹಾಗಿಲ್ಲದ ಆಸ್ತಿಕನೊಬ್ಬ ಚಂಬಾದಲ್ಲಿ ಏನು ಮಾಡಬೇಕು? ಮೊದಲ ದಿನವೇ ತೊಡಕು ಎದುರಾಯಿತು. ಬೆಳಿಗ್ಗೆ ಅರ್ಘ್ಯ ಕೊಡಲು ನೀರು ಹಿಡಿದು ವಸತಿಗೃಹದ ಮುಂದೆ ನಿಂತೆ. ಪಂಚಾಂಗದ ಪ್ರಕಾರ ಸೂರ್ಯ ಹುಟ್ಟಿಯಾಗಿತ್ತು. ಬೆಳಕೂ ಬಿದ್ದಿತ್ತು. ಸೂರ್ಯ ಮಾತ್ರ ಗುಡ್ಡದ ಹಿಂದೆ. ಕೊಡಲೇ ಬೇಡವೇ ಎಂದು ಚಿಂತಿಸುವಷ್ಟರಲ್ಲಿ ಕೈ ಸೋತು ಹೋಯಿತು.

"ಬಂದ್ನೇನು?" ಒಳಗಿನಿಂದ ಗಂಗಕ್ಕನ ದನಿ.

"ಪಂಚಾಂಗದಾಗ ಬಂದಾನ. ಇಲ್ಲೆ ಇನ್ನೂ ಬಂದಿಲ್ಲ."

ಎದುರಿನ ಚಹಾದವನಿಗೆ ನನ್ನ ಅವಸ್ಥೆ ಅರ್ಥವಾಯಿತು. "ಬಾಬೂಜಿ, ಯಹಾಂ ಸೂರಜ್ ದೇರ್ ಸೇ ಆತಾ ಹೈ. ಚಾಯ್ ಪೀಜಿಯೇ," ಎಂದ. ಇಲ್ಲಿ ಸೂರ್ಯ ಬರುವುದೇ ತಡವಂತೆ. ಅರ್ಘ್ಯಕ್ಕೆ ಮೊದಲು ನಾನು ಚಹಾ ಕುಡಿಯುವುದಿಲ್ಲ. ಸೂರ್ಯ ಗುಡ್ಡದ ಮೇಲೆ ಬರುವವರೆಗೆ ಅವನ ಬೆಂಚಿನ ಮೇಲೆ ಚಹಾದ ವಾಸನೆ ತೆಗೆದುಕೊಳ್ಳುತ್ತ ಕೂತೆ.

ಆಮೇಲೆ ಆ ಹಸಿರು ಬಯಲಿಗೆ ಹೋದೆವು. ಅದನ್ನು ಚೌಗಾನ್ ಎನ್ನುತ್ತಾರೆ. ಅಲ್ಲಿ ನೋಡುವುದೇನಿದೆ ಎಂದು ಒಬ್ಬ ಮುದುಕನನ್ನು ವಿಚಾರಿಸಿದೆ. ಅವನು ಹುಲ್ಲಿನ ಮೇಲೆ ಜಾಗ ಮಾಡಿಕೊಟ್ಟ. ಕೂಡುವುದೇ ಅಲ್ಲಿನ ಕೆಲಸವೆಂದು ನನಗೆ ತಿಳಿಯಲು ಸಾಕಷ್ಟು ಹೊತ್ತು ಹಿಡಿಯಿತು. ಮಧ್ಯಾಹ್ನ, ಮೊಸರಿನಲ್ಲಿ ಕುದಿಸಿದ ರಾಜ್ಮಾ ಮತ್ತು ಅನ್ನ ಊಟಕ್ಕೆ ಬಂತು. ಈರುಳ್ಳಿ ಬೆಳ್ಳುಳ್ಳಿ ಇಲ್ಲವೆಂದು ಅಡುಗೆಯವನಿಂದ ಆಣೆ ಹಾಕಿಸಿಕೊಂಡು ಉಂಡೆ. ಏಳು ತಿಂಗಳಲ್ಲಿ ಸೀಯದ ಅನ್ನ ಉಂಡದ್ದು ಅಂದೇ. ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ. ಹೆಂಡತಿ ಸತ್ತವನು ಇಷ್ಟು ಉಣ್ಣಬಾರದೆಂದು ಮೂರನೆಯ ಸಲ ಕೇಳಲಿಲ್ಲ. ಗಂಗಕ್ಕ ತಮ್ಮ ತಟ್ಟೆಯಿಂದ ನನ್ನ ತಟ್ಟೆಗೆ ಸರಿಸಿ, "ಉಣ್ರಿ. ಆಕಿ ಇದ್ದಿದ್ರ ಕೂಡಿಸಿ ನಾಲ್ಕನೇ ಸಲ ಹಾಕ್ತಿದ್ಲು," ಎಂದರು.

ಮೇಳದಲ್ಲಿ ಕಂಡಿದ್ದ ಆ ಹೊಲಿಗೆಯ ಹೆಂಗಸಿನ ಮನೆ ಸಿಕ್ಕಿತು. ಗಂಗಕ್ಕ ಕಿಟಕಿಯ ಬೆಳಕಿಗೆ ಹೋಗಿ ರುಮಾಲನ್ನು ಕಣ್ಣಿನ ಹತ್ತಿರ ಹಿಡಿದು, ಸಾಲು ಸಾಲಾಗಿ ಓದುವಂತೆ ಸರಿಸಿದರು, ತಿರುವಿದರು, ಉಗುರಿನಿಂದ ಕೆರೆದರು.

"ಎಲ್ಲಿ ಮುಚ್ಚಿಟ್ಟೀಯೇ ಗಂಟು, ಕಳ್ಳೀ?"

ಆಕೆ ತನ್ನ ಭಾಷೆಯಲ್ಲಿ ಏನೋ ಅಂದಳು. ನಾನು ನಡುವೆ ಹಿಂದಿಯಲ್ಲಿ ವಿವರಿಸಲು ಹೋದೆ. ಇಬ್ಬರೂ ಒಟ್ಟಿಗೇ ನನ್ನನ್ನು ಸುಮ್ಮನಿರಿಸಿದರು. ಗಂಗಕ್ಕ ತಮ್ಮ ಇಳಕಲ್ ಸೀರೆಯ ಸೆರಗು ಮುಂದೆ ಚಾಚಿದರು. ಅದರ ಮೇಲಿನ ಕಸೂತಿ ವತ್ಸಲಾ ಹಾಕಿದ್ದು. ಮನೆಯಾಕೆ ಅದನ್ನು ತಿರುವಿ ನೋಡಿ, ಹುಬ್ಬು ಏರಿಸಿ, ತನ್ನ ಸೊಸೆಯನ್ನು ಕೂಗಿ ಕರೆದಳು. ಅಕ್ಕನ ಮುಖ ಅರಳಿತು. ನಾನು ಬಾಗಿಲ ಹೊರಗೆ ಹೋಗಿ ನದಿ ನೋಡುತ್ತ ನಿಂತೆ.

ಲಕ್ಷ್ಮೀನಾರಾಯಣನ ಗುಡಿಗೆ ಹೋದದ್ದು ಹೊರಡುವ ಹಿಂದಿನ ಸಂಜೆ. ಗೋಡೆಯಾಚೆ ಕಲ್ಲಿನ ಶಿಖರಗಳು ಸಾಲಾಗಿ ನಿಂತಿದ್ದವು. ಅವುಗಳ ನೆತ್ತಿಗೆ ಹಿಮ ಬೀಳದಂತೆ ಮರದ ಕೊಡೆ. ಇಷ್ಟು ದೂರ ಬಂದು ಇದನ್ನೇ ಬಿಡುವುದೆಂದರೆ ನನ್ನ ಕಾಲಿಗೆ ಕೋಪ ಬಂದಿತ್ತು. ಆದರೂ ಮಾತಿನಂತೆ ಬಾಗಿಲ ಹೊರಗೆ, ಚಪ್ಪಲಿಗಳ ರಾಶಿಯ ಪಕ್ಕದ ಕಟ್ಟೆಯ ಮೇಲೆ ಕೂತು ಮನಸ್ಸಿನಲ್ಲೇ ಜಪ ಮಾಡಿದೆ. ಬಹುಶಃ ನನ್ನ ಮುಖದ ಭಾವ ಬಹಳ ದೀನವಾಗಿತ್ತು. ಒಬ್ಬಾಕೆ ತನ್ನ ಚಪ್ಪಲಿಯನ್ನು ನನ್ನ ಮುಂದೆ ಬಿಟ್ಟು, ಪಕ್ಕದಲ್ಲಿ ಒಂದು ನಾಣ್ಯವಿಟ್ಟು ಒಳಗೆ ಹೋದಳು.

ಗಂಗಕ್ಕ ಹೋದಷ್ಟೇ ಬೇಗ ಗೋಡೆ ಹಿಡಿದುಕೊಂಡು ಹಿಂದಿರುಗಿದರು.

"ಆತೇನು ದರ್ಶನ?"

"ದೀಪ ಕಂಡ್ತು. ದೀಪದ ಹಿಂದ ಏನೋ ಬೆಳ್ಳಗದ. ದೇವರೋ, ಪೂಜಾರಿ ಧೋತ್ರೋ ತಿಳೀಲಿಲ್ಲ. ಹಿಂದಿನವರು ನೂಕಿದ್ರು, ಬಂದೆ."

ನಗುತ್ತಲೇ ಹೇಳಿದರು. ಕಟ್ಟೆಯ ಮೇಲೆ ಕೂತು ಕಾಲು ಒತ್ತಿಕೊಂಡರು. "ಬೆಳಕಿನ್ಯಾಗಿರೋದೆಲ್ಲಾ ಕಂಡೀನಿ. ಆತ ಹೋಗಿ ಕತ್ತಲಿನ್ಯಾಗ ಕೂತಾನ. ಇರಲಿ."

ವತ್ಸಲಾ ಇದ್ದಿದ್ದರೆ ಕಿವಿಗೆ ಬಾಯಿಟ್ಟು ಎಲ್ಲವನ್ನೂ ಹೇಳುತ್ತಿದ್ದಳು. ಇದ್ದವನು ನಾನು, ವರ್ಷ ತುಂಬದವನು. ಶಾಸ್ತ್ರಿಗಳನ್ನು ಕೇಳೋಣವೆಂದು ಜೇಬಿಗೆ ಕೈ ಹಾಕಿ ಫೋನ್ ತೆಗೆದೆ.

"ಯಾರಿಗ್ರೀ?"

"ಶಾಸ್ತ್ರಿಗಳಿಗೆ. ಇದಕ್ಕೇನರ ಪರಿಹಾರ ಅದ ಏನೋ..."

ಗಂಗಕ್ಕ ನನ್ನ ಕೈಯನ್ನು ಹುಡುಕಿ ಫೋನನ್ನು ಕೆಳಗಿಳಿಸಿದರು. "ಬ್ಯಾಡ್ರಿ. ನಾ ಬಾಯಿಗೆ ಬಂಧಂಗ ಅಂತಿರ್ತೀನಿ, ಅದು ಬ್ಯಾರೆ. ನೀವು ವತ್ಸೀ ಸಲುವಾಗಿ ಹಿಡದ ನಿಯಮ ಅದು. ಅದನ್ನ ಕೆಡಿಸಿ ನನಗ ಯಾವ ದೇವರನ್ನೂ ನೋಡೋದು ಬ್ಯಾಡ."

ಅವರು ಚುಚ್ಚಿ ಮಾತಾಡಿದ್ದರೆ ನಾನು ಶಾಸ್ತ್ರ ಹೇಳುತ್ತ ಅಲ್ಲಿಯೇ ಕೂತಿರುತ್ತಿದ್ದೆ. ಆದರೆ ಅವರು ಮೆತ್ತಗೆ ಅಂದರು. ವತ್ಸಲೆಯ ಸಲುವಾಗಿ ಹಿಡಿದದ್ದು ಎಷ್ಟು, ನನ್ನ ಸಲುವಾಗಿ ಹಿಡಿದದ್ದು ಎಷ್ಟು ಎಂಬುದು ನನಗಷ್ಟೇ ಗೊತ್ತಿತ್ತು. ಎದ್ದು ನಿಂತು ಚಪ್ಪಲಿ ಬಿಟ್ಟೆ.

"ಏಳ್ರಿ, ಅಕ್ಕಾ."

"ಎಲ್ಲಿಗೆ?"

"ನಾ ದರ್ಶನಕ್ಕ ಬರ್ಲಿಕ್ಹತ್ತಿಲ್ಲ. ನಿಮ್ಮ ಚಷ್ಮಾ ಆಗಿ ಬರ್ತೀನಿ. ಚಷ್ಮಾಕ್ಕ ಮೈಲಿಗಿ ಇರೋದಿಲ್ಲ."

ಅಮರೇಶಪ್ಪನ ವಾದಕ್ಕಿಂತಲೂ ಇದು ಕೆಟ್ಟ ವಾದ. ಮರಳಿದ ಮೇಲೆ ಶಾಸ್ತ್ರಿಗಳು ಯಾವ ಪ್ರಾಯಶ್ಚಿತ್ತ ಹೇಳಿದರೂ ಮಾಡುವುದೆಂದು ನಿರ್ಧರಿಸಿ ಅವರ ಕೈ ಹಿಡಿದು ಒಳಗೆ ಹೋದೆ. ಗರ್ಭಗುಡಿಯ ಮುಂದೆ ನನಗೊಂದು ಹೊಸ ಕಷ್ಟ ಬಂತು. ಜೀವಮಾನವೆಲ್ಲ ದೇವರ ಎದುರು ನಿಂತ ಕೂಡಲೇ ಕಣ್ಣು ಮುಚ್ಚಿ ಸ್ತೋತ್ರ ಶುರುಮಾಡಿದವನು ನಾನು. ಎಷ್ಟು ಕ್ಷೇತ್ರಗಳಿಗೆ ಹೋಗಿ ಎಷ್ಟು ಮೂರ್ತಿಗಳ ಮುಂದೆ ಕಣ್ಣು ಮುಚ್ಚಿದ್ದೇನೋ! ಚಷ್ಮಾ ಆದವನಿಗೆ ಆ ಅನುಕೂಲವಿಲ್ಲ.

"ಬಿಳೀ ಕಲ್ಲು, ಅಕ್ಕಾ. ಹಣೀಗೆ ಗಂಧ. ಕೊರಳಾಗ ಚೆಂಡುಹೂವು."

"ಏನು ಉಡಿಸ್ಯಾರ?"

"ಹಳದಿ. ಜರದ ಅಂಚು."

"ನೆಟ್ಟಗ ಉಡಿಸ್ಯಾರೋ ಇಲ್ಲೋ?"

"ಎಡಗಡೆ ತುಸು ಜೋತುಬಿದ್ದದ."

"ಗಂಡಸರ ಕೆಲಸ. ಮಾರಿ ಹ್ಯಾಂಗದ? ನಗತಾನೇನು?"

ಹಿಂದಿನಿಂದ ಯಾರೋ ನೂಕಿದರು. ನಾನು ತಿರುಗಿ, ಸ್ಟೇಷನ್ನಿನಲ್ಲಿ ಗಾಡಿ ನಿಲ್ಲಿಸುತ್ತಿದ್ದ ದನಿಯಲ್ಲಿ "ರುಕಿಯೇ!" ಎಂದೆ. ಸಾಲೆಲ್ಲ ನಿಂತಿತು. ಪೂಜಾರಿಯೂ ಆರತಿ ತಟ್ಟೆ ಹಿಡಿದು ನಿಂತುಬಿಟ್ಟ. ನಾನು ಮತ್ತೆ ಆ ಮುಖ ನೋಡಿದೆ. ನಗುತ್ತಾನೋ ಇಲ್ಲವೋ ಹೇಳುವುದು ಅಷ್ಟು ಸುಲಭವಿರಲಿಲ್ಲ.

"ನಗೋದಿಲ್ಲ," ಎಂದೆ. "ಸಿಟ್ಟೂ ಇಲ್ಲ. ನಾವು ಏನರ ಹೇಳ್ಕೋತ ಇದ್ರ, ನಡುವ ಬಾಯಿ ಹಾಕದ ಪೂರಾ ಕೇಳಿಕೋತ ಕೂತಿರ್ತಾರಲ್ಲ, ಹಂಗದ."

ಗಂಗಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು. "ನಮ್ಮ ವತ್ಸಿ ಕೂಡತಿದ್ದಳಲ್ಲ, ಹಂಗ?"

ಅವರು ಒಂದು ಗಳಿಗೆ ಕಾದು, ನನ್ನ ತೋಳು ಜಗ್ಗಿದರು.

"ಮುಂದ ಹೇಳ್ರಿ. ಕಿವಿಯೊಳಗ ಏನು ಹಾಕ್ಯಾರ?"

ನಾನು ಕಣ್ಣು ಒರೆಸಿಕೊಂಡು ಕಿವಿ ನೋಡಿದೆ.